ನಾಲೆಯ ನೀರು ಮತ್ತು ಹಕ್ಕಿಯ ಮೊಟ್ಟೆ

ನಮ್ಮ ದೀಪಾಂಜಲಿ ನಗರದಿಂದ ಮೈಸೂರು ರಸ್ತೆ ಹಿಡಿದು ರಂಗನತಿಟ್ಟಿಗೆ ಹೋಗಿ ಬರುವವರು ಬಹಳ ಮಂದಿ. ಬಂದವರೆಲ್ಲ "ಎಂಥ ಸಹಜವಾದ ತಾಣ!" ಎಂದು ಕೊಂಡಾಡುತ್ತಾರೆ. ಈ 'ಸಹಜ' ಎಂಬ ಪದದ ಬಗೆಗೆ ನನ್ನದೊಂದು ತಕರಾರಿದೆ.

ಮೈಸೂರಿನ ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ಅವಧಿಯಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದ್ದರಿಂದ ಅಲ್ಲಿ ನೀರು ನಿಂತಿತು, ತಿಟ್ಟುಗಳು ಉಳಿದವು, ಮರ ಬೆಳೆದವು, ಹಕ್ಕಿಗಳು ಬಂದವು. ("ಕೆರೆಕಟ್ಟೆಗಳನ್ನು ಕಟ್ಟಿಸಿದರು" ಎಂದು ಎಲ್ಲ ಅರಸರ ಸಾಧನೆಯಲ್ಲೂ ಒಂದೇ ಸಾಲು ಬರೆದು ನನ್ನಿಂದ ಅಂಕ ಪಡೆದವರಿಗೆ ಇದು ಹೊಸದೇನಲ್ಲ.) ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೆನಿಸಿತು. ಬಾಯ್ಕಳಕ ಕೊಕ್ಕರೆಯ ಮುಖ್ಯ ಆಹಾರವಾದ ಬಸವನಹುಳು ದೊರೆಯುವುದೂ ನಾಲೆಯ ನೀರುಂಡ ಗದ್ದೆಗಳಲ್ಲೇ. ಹಾಗಿರುವಾಗ ರೈತನಿಗೂ ಹಕ್ಕಿಗೂ ಹಗೆಯಿದೆ ಎಂಬಂತೆ ಮಾತನಾಡುವುದು ಎಷ್ಟು ಸರಿ?

ಆದರೆ ಮನುಷ್ಯ ಕಟ್ಟಿದ ನೀರಿನಲ್ಲಿ ನೆಲೆಸಿದ ಹಕ್ಕಿಯ ಬದುಕು ಮನುಷ್ಯ ನೀರನ್ನು ಹೇಗೆ ನಡೆಸುತ್ತಾನೆ ಎಂಬುದನ್ನೇ ನೆಚ್ಚಿದೆ. ಇದಕ್ಕೆ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ಚಳಿಗಾಲ ಕಳೆದು ನಾಲೆಗಳಿಗೆ ನೀರು ಹರಿದಂತೆಲ್ಲ ಹಿನ್ನೀರಿನಲ್ಲಿ ನಡುಗಡ್ಡೆಗಳು ಮೇಲೇಳುತ್ತವೆ. ಮರವಿಲ್ಲದ ಆ ಬರಿನೆಲದ ಮೇಲೆ ನದಿ ರೀವಗಳು ('ರಿವರ್ ಟರ್ನ್' ಎಂದರೆ ನಿಮಗೆ ಬೇಗ ತಿಳಿದೀತು) ಸಾಲುಸಾಲಾಗಿ ಬಂದು ಮೊಟ್ಟೆಯಿಡುತ್ತವೆ. ಗೂಡೆಂದರೆ ನೆಲದಲ್ಲೊಂದು ತಗ್ಗು, ಅಷ್ಟೆ. ಮರಿ ಹೊರಬರಲು ಸುಮಾರು ಮೂರು ವಾರ ಬೇಕು, ಹಾರಲು ಇನ್ನೂ ಕೆಲವು ವಾರ. ದಾವಣಗೆರೆ, ಶಿವಮೊಗ್ಗದ ಕಡೆಯ ಭತ್ತಕ್ಕೂ ತೋಟಕ್ಕೂ ಹರಿದ ನೀರೇ ಇಲ್ಲಿ ರೀವಗಳಿಗೆ ನೆಲ ಬಿಟ್ಟುಕೊಡುತ್ತದೆ.

ರಂಗನತಿಟ್ಟಿನಲ್ಲಿ ಇದು ತಿರುಗುಮುರುಗು. ಅಲ್ಲಿನ ನೀರಿನ ಏರಿಳಿತ ಮೇಲಿರುವ ಕೃಷ್ಣರಾಜಸಾಗರದ ಗೇಟುಗಳನ್ನು ಅವಲಂಬಿಸಿದೆ. ಬೇಸಗೆಯಲ್ಲಿ ರೀವಗಳು ಬಂಡೆಗಳ ಮೇಲೆ ಮೊಟ್ಟೆಯಿಟ್ಟಿರುವಾಗ ಒಮ್ಮೆಲೇ ನೀರು ಏರಿದರೆ ಒಂದು ಇಡೀ ಋತುವಿನ ಸಂತಾನವೇ ಹೋಯಿತು. ಮಳೆಗಾಲದ ಪ್ರವಾಹದ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರು ಬಿಡಬೇಕಾಗಿ ಬಂದಾಗ ಅಣೆಕಟ್ಟಿನ ಸುರಕ್ಷತೆಯೇ ಮೊದಲು. ಹಕ್ಕಿಗಾಗಿ ಕಾಯಿರಿ ಎಂದು ಹೇಳುವಷ್ಟು ಅವಿವೇಕ ನನಗಿಲ್ಲ.

ನನ್ನ ವಾದ ಮಾರ್ಚ್‌ನಿಂದ ಮೇ ತಿಂಗಳವರೆಗಿನ ನೀರಿಗೆ ಮಾತ್ರ ಸಂಬಂಧಿಸಿದ್ದು. ಬೇಸಗೆ ಬೆಳೆಗೆ ನೀರು ಯಾವಾಗ, ಎಷ್ಟು ದಿನ ಎಂಬುದನ್ನು ನೀರಾವರಿ ಸಲಹಾ ಸಮಿತಿಗಳು ಕುಳಿತು ನಿರ್ಧರಿಸುತ್ತವೆ. ಆ ಸಭೆಯ ಮೇಜಿನ ಮೇಲೆ ಅರಣ್ಯ ಇಲಾಖೆಯಿಂದ ಒಂದು ಪುಟದ ಟಿಪ್ಪಣಿ ಇರಲಿ: ಯಾವ ಬಂಡೆಯ ಮೇಲೆ ಮೊಟ್ಟೆಗಳಿವೆ, ನೀರು ಎಷ್ಟು ಅಡಿ ಏರಿದರೆ ಅವು ಮುಳುಗುತ್ತವೆ, ಮರಿಗಳು ಹಾರಲು ಇನ್ನೆಷ್ಟು ದಿನ ಬೇಕು. ರೈತನ ಪಾಲಿನಲ್ಲಿ ಒಂದು ಹನಿಯೂ ಕಡಿಮೆಯಾಗಬೇಕಿಲ್ಲ. ಒಂದೇ ದಿನ ಬಿಡುವುದನ್ನು ನಾಲ್ಕು ದಿನಕ್ಕೆ ಹಂಚಿ ಮೆಲ್ಲನೆ ಏರಿಸಲಾದೀತೇ, ಹತ್ತು ದಿನ ಹಿಂದುಮುಂದೆ ಮಾಡಲಾದೀತೇ ಎಂದು ಕೇಳಿ ನೋಡಬೇಕು. ಕೆಲವು ವರ್ಷ ಆಗದಿರಬಹುದು. ಕೇಳದೆಯೇ ಇರುವುದಕ್ಕಿಂತ ಅದು ಮೇಲು.

ದೋಣಿವಿಹಾರಕ್ಕೂ ಪ್ರವೇಶದ್ವಾರದ ಕಮಾನಿಗೂ ತೋರುವ ಉತ್ಸಾಹದಲ್ಲಿ ಕಾಲುಭಾಗ ಸಾಕು ಈ ಒಂದು ಪುಟಕ್ಕೆ. ನನ್ನ ಶಿಷ್ಯರಲ್ಲಿ ನೀರಾವರಿ ಇಲಾಖೆಯ ಇಂಜಿನಿಯರುಗಳೂ ಇದ್ದೀರಿ. ಇದರಲ್ಲಿ ನಿಮಗೆ ಕಾಣುವ ತೊಡಕೇನೆಂದು ಬರೆದು ತಿಳಿಸಿರಪ್ಪಾ.