ಕಲ್ಲೂ ಹೌದು, ಕಬ್ಬಿಣವೂ ಹೌದು

1880ರ ದಶಕ. ಅಮೆರಿಕದ ಕಾನ್ಸಾಸ್ ರಾಜ್ಯದ ಬ್ರೆನ್‌ಹ್ಯಾಮ್ ಎಂಬಲ್ಲಿ ಕಿಂಬರ್ಲಿ ದಂಪತಿ ಬೇಸಾಯ ಹೂಡಿದ್ದರು. ಕಲ್ಲೇ ಅಪರೂಪವಾದ ಬಯಲು ಅದು. ಆದರೂ ನೇಗಿಲಿಗೆ ಆಗಾಗ ಕಪ್ಪನೆಯ ತುಂಡುಗಳು ತಗಲುತ್ತಿದ್ದವು. ಗಾತ್ರ ನೋಡಿ ಎತ್ತಲು ಹೋದರೆ ಕೈ ಸೋಲುವಷ್ಟು ಭಾರ! ಅಲ್ಲಿನ ರೈತರು ಹುಲ್ಲಿನ ಬಣವೆ ಗಾಳಿಗೆ ಹಾರದಂತೆ ಅವನ್ನು ಮೇಲೆ ಹೇರುತ್ತಿದ್ದರು. ಎಲೈಜಾ ಕಿಂಬರ್ಲಿ ಮಾತ್ರ ಬಾಲ್ಯದಲ್ಲಿ ಉಲ್ಕಾಶಿಲೆಯೊಂದನ್ನು ಕಂಡಿದ್ದಾಕೆ. ನೆರೆಯವರು ನಕ್ಕರೂ ಬಿಡದೆ ತುಂಡುಗಳನ್ನು ರಾಶಿ ಹಾಕಿದರು, ವಿದ್ವಾಂಸರಿಗೆ ಪತ್ರ ಬರೆದರು. 1890ರಲ್ಲಿ ಕ್ರೇಗಿನ್ ಎಂಬ ಪ್ರಾಧ್ಯಾಪಕರು ಬಂದು ನೋಡಿ, ಉಲ್ಕಾಶಿಲೆಗಳೆಂದು ಗುರುತಿಸಿ ಹಣ ಕೊಟ್ಟು ಕೊಂಡರು.

ಅದರಲ್ಲೂ ಇವು ಅಪರೂಪದ ಜಾತಿ: ಪ್ಯಾಲಸೈಟ್. ಕಲ್ಲು, ಕಬ್ಬಿಣ ಎರಡೂ ಬೆರೆತ ಉಲ್ಕಾಶಿಲೆಗಳು ನೂರಕ್ಕೆ ಒಂದರಷ್ಟು ಮಾತ್ರ. ಸೈಬೀರಿಯಾದಲ್ಲಿ ಸಿಕ್ಕಿದ್ದ ಸುಮಾರು 700 ಕಿಲೋ ತೂಕದ ಇಂಥದೇ ಪಿಂಡವನ್ನು 1772ರಲ್ಲಿ ಪರಿಶೀಲಿಸಿದ ಪೀಟರ್ ಪಲಾಸ್ ಅವರ ಹೆಸರೇ ಈ ಜಾತಿಗೆ ಬಂತು. ಇಂಥವು ಆಕಾಶದಿಂದ ಬಿದ್ದವೆಂದು 1794ರಲ್ಲಿ ಕ್ಲಾಡ್ನಿ ಬರೆದಾಗ ನಂಬಿದವರು ಕಡಿಮೆ.

ಪ್ಯಾಲಸೈಟನ್ನು ತೆಳ್ಳಗೆ ಕೊಯ್ದು ಹಿಂದಿನಿಂದ ಬೆಳಕು ಬಿಟ್ಟರೆ, ನಿಕ್ಕಲ್ ಬೆರೆತ ಕಬ್ಬಿಣದ ಜಾಲರಿಯಲ್ಲಿ ಕಲ್ಲುಸಕ್ಕರೆ ಹರಳು ಕೂರಿಸಿದಂತೆ ಕಾಣುತ್ತದೆ. ಜೇನುಬಣ್ಣದ, ಹಸಿರುಬಣ್ಣದ ಆ ಹರಳು ಆಲಿವೀನ್ ಖನಿಜ. ಕ್ಷುದ್ರಗ್ರಹದ ಒಳಗೆ ಕರಗಿದ ಲೋಹವೂ ಶಿಲೆಯೂ ಸೇರಿದ ಕಡೆ ಇದು ಹುಟ್ಟಿತು. ಲೋಹದ ತಿರುಳಿಗೂ ಶಿಲೆಯ ಹೊದಿಕೆಗೂ ನಡುವಿನ ಗಡಿಯ ಚೂರೆಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. ಎರಡು ಪಿಂಡಗಳ ಡಿಕ್ಕಿಯಲ್ಲಿ ದ್ರವಲೋಹ ಶಿಲೆಯೊಳಗೆ ನುಗ್ಗಿತೆಂಬ ವಾದ ಈಗ ಬಲವಾಗಿದೆ.

ಸಂಗ್ರಹಕಾರರಿಗೆ ಹುಡುಕುವುದಕ್ಕಿಂತ ಉಳಿಸಿಕೊಳ್ಳುವುದೇ ದೊಡ್ಡ ಪಾಡು. 450 ಕೋಟಿ ವರ್ಷ ಕೆಡದ ವಸ್ತು ಗಾಜಿನ ಕಪಾಟಿನಲ್ಲಿ ಕೆಲವೇ ವರ್ಷಗಳಲ್ಲಿ ಪುಡಿಯಾಗಬಹುದು! ಮಣ್ಣಿನಲ್ಲಿದ್ದಾಗ ಬಿರುಕುಗಳಿಗೆ ಇಳಿದ ಕ್ಲೋರೈಡ್, ಗಾಳಿಯ ತೇವ ಸೇರಿ ಕಬ್ಬಿಣವನ್ನು ತಿನ್ನುತ್ತವೆ. ತುಕ್ಕಾದ ಮೇಲೂ ಕ್ಲೋರೈಡ್ ಮುಗಿಯುವುದಿಲ್ಲ. ಮುಂದಿನ ಪದರಕ್ಕೆ ಕೈಹಾಕುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಹರಳುಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಬ್ರೆನ್‌ಹ್ಯಾಮಿನ ಎಷ್ಟೋ ತುಂಡುಗಳ ಗತಿ ಇದೇ. ಆದ್ದರಿಂದ ನೀರಿನಲ್ಲಿ ತೊಳೆಯಬಾರದು, ಬೆವರಿನ ಕೈಯಲ್ಲಿ ಮುಟ್ಟಬಾರದು. ಬಿಗಿಮುಚ್ಚಳದ ಗಾಜಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಆಗಾಗ ಅದನ್ನು ಬದಲಿಸಬೇಕು.

ಇನ್ನು ಕೊಯ್ಯುವ ವಿಚಾರ. ಗರಗಸ ಆಡಿದಷ್ಟೂ ಒಂದು ಪಾಲು ಪುಡಿಯಾಗಿ ನಷ್ಟ. ತೆಳುವಾದ ಹೋಳಿಗೆ ತುಕ್ಕಿನ ಭಯವೂ ಹೆಚ್ಚು. ಮ್ಯೂಸಿಯಂ ಒಂದು ಹೋಳು ತೋರಿಸಿದರೆ ಸಾವಿರ ಮಕ್ಕಳು ನೋಡುತ್ತಾರೆ, ಸರಿ. ಬೈಠಕ್‌ಖಾನೆಯ ಅಲಂಕಾರಕ್ಕಾಗಿ ಇಡೀ ಪಿಂಡವನ್ನೇ ಹೋಳು ಮಾಡಿ ಮಾರುವುದು ನನಗಂತೂ ಒಪ್ಪಿಗೆಯಿಲ್ಲ.

ನಮ್ಮ ಹೊಲಗಳಲ್ಲಿ ಸಿಗುವ ಭಾರದ ಕರಿಗಲ್ಲು ಬಹುಮಟ್ಟಿಗೆ ಹಳೆಯ ಕುಲುಮೆಯ ಕಿಟ್ಟವೇ. ಅದರ ಮೈಯಲ್ಲಿ ಗುಳ್ಳೆಯ ತೂತುಗಳಿರುತ್ತವೆ. ಉಲ್ಕಾಶಿಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹುಡುಗರು ಅನುಮಾನದ ಕಲ್ಲು ತಂದರೆ ಪೋಷಕರು ಗದರಿ ಎಸೆಸಬೇಡಿ. ಸುತ್ತಿಗೆಯಿಂದ ಒಡೆಯಲೂಬೇಡಿ. ಆಯಸ್ಕಾಂತ ಹಿಡಿದು ನೋಡಿ, ಸಿಕ್ಕ ಜಾಗ ಮತ್ತು ದಿನಾಂಕ ಬರೆದಿಡಿ, ಒಣಗಿದ ಡಬ್ಬಿಯಲ್ಲಿಟ್ಟು ಶಾಲೆಯ ವಿಜ್ಞಾನ ಮೇಷ್ಟರಿಗೆ ತೋರಿಸಿ. ಕಿಟ್ಟವಲ್ಲವೆನಿಸಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸಬಹುದು. ದೇಶದ ಉಲ್ಕಾಶಿಲೆಗಳ ದೊಡ್ಡ ಸಂಗ್ರಹ ಕೋಲ್ಕತ್ತದಲ್ಲಿ ಅದರ ಬಳಿಯೇ ಇದೆ.