ಹೆಸರು ಕೊನೆಗಿರಲಿ

ಪಳೆಯುಳಿಕೆಯ ಪಾಠದಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಮೊದಲು ಹೆಸರು ಹೇಳಿ, ಆಮೇಲೆ ಲಕ್ಷಣ ಬರೆಸುತ್ತೇವೆ. ಈ ಕ್ರಮ ತಿರುವುಮುರುವಾಗಬೇಕೆಂದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಸೀಮೆಸುಣ್ಣದ ಬಂಡೆಗಳಲ್ಲಿ ಸಿಗುವ ಸೀ ಅರ್ಚಿನ್‌ಗಳನ್ನೇ ನೋಡಿ. ಮೇಲಿನಿಂದ ಎಲ್ಲದರಲ್ಲೂ ಐದು ಪಟ್ಟೆಗಳು. ಮಗುಚಿ ಹಾಕಿದರೆ ವ್ಯತ್ಯಾಸ ಕಾಣುತ್ತದೆ. ಬಾಯಿ ನಟ್ಟನಡುವೆ ಇದ್ದರೆ ಕೊನ್ಯುಲಸ್. ಬಾಯಿ ಮುಂದಕ್ಕೆ ಸರಿದು, ಚಿಪ್ಪು ಹೃದಯಾಕಾರವಾಗಿ, ಮುಂಭಾಗದಲ್ಲಿ ತೋಡಿದ್ದರೆ ಮೈಕ್ರಾಸ್ಟರ್. ತೋಡಿಲ್ಲದೆ ಶಿರಸ್ತ್ರಾಣದಂತೆ ಉಬ್ಬಿದ್ದರೆ ಎಕಿನೊಕೋರಿಸ್.

ಮಾರ್ಗೇಟ್ ಪಟ್ಟಣದ ವೈದ್ಯ ಆರ್ಥರ್ ರೋ ಮೈಕ್ರಾಸ್ಟರ್‌ಗಳನ್ನು ಪದರ ಪದರವಾಗಿ ಹೋಲಿಸಿದರು. ಮೇಲಿನ ಪದರಗಳಿಗೆ ಬಂದಂತೆ ಬಾಯಿ ಮುಂದಿನ ಅಂಚಿನತ್ತ ಸರಿಯುವುದನ್ನು 1899ರಲ್ಲಿ ತೋರಿಸಿದರು. ಯಾವ ಪದರದಲ್ಲಿ ಸಿಕ್ಕಿತೆಂದು ಗುರುತಿಡದಿದ್ದರೆ ಇದು ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಮಾದರಿಗಳಿಲ್ಲ ಎನ್ನಬಹುದು. ಜೇಡಿಮಣ್ಣಿನಲ್ಲಿ ಮೂರನ್ನು ಮಾಡಿಕೊಂಡರೆ ಸಾಕು. ನಿಜವಾದ ತೊಡಕು ಅವಧಿಯದು. ಮಕ್ಕಳು ತಿರುಗಿಸಿ ನೋಡುತ್ತ ಕೂತರೆ ಪಾಠ ಮುಗಿಯದು, ನಮ್ಮ ಅಂಕ ಕಡಿಮೆಯಾಗುತ್ತದೆ. ಆದ್ದರಿಂದ ಮೌಲ್ಯಮಾಪನ ಪಟ್ಟಿಯಲ್ಲಿ ಮಕ್ಕಳ ವೀಕ್ಷಣೆಗೂ ಅಂಕವಿರಲಿ ಎಂದು ಮಾರ್ಗದರ್ಶಕ ಉಪನ್ಯಾಸಕರನ್ನು ಕೋರುತ್ತೇನೆ. ಹೆಸರನ್ನಷ್ಟೇ ಬರೆದುಕೊಂಡ ಮಗುವಿಗೆ ನಾಳೆ ಬೇರೊಂದು ಕಲ್ಲು ಸಿಕ್ಕರೆ ಎಲ್ಲಿಂದ ನೋಡಬೇಕೆಂದೇ ತಿಳಿಯದು.