ಗೋಡೆ ಒಡೆಯುವ ಮುನ್ನ

ನಮ್ಮ ಮೂವತ್ತಕ್ಕೆ ನಲವತ್ತರ ಸೈಟಿಗೆ ನಕಾಶೆ ಹಾಕಿಸಲು ಎಂಜಿನಿಯರರನ್ನು ಮನೆಗೆ ಕರೆದಿದ್ದೆವು. "ಸಾರ್, ಈಗ ಮಧ್ಯದಲ್ಲಿ ಗೋಡೆ ಯಾರೂ ಕೇಳೋದಿಲ್ಲ. ಅಡುಗೆಮನೆ, ಊಟದ ಜಾಗ, ಹಾಲ್, ಎಲ್ಲಾ ಒಂದೇ. ಓಪನ್ ಕಿಚನ್" ಎಂದರು ಅವರು. ಪಕ್ಕದಲ್ಲಿದ್ದ ನಮ್ಮ ಭಾಯಿಜಾನ್ ಒಡನೆಯೇ ಆಕ್ಷೇಪ ಎತ್ತಿದರು: "ಹಾಗಾದರೆ ಪರದೆಯ ಗತಿ ಏನು? ಬೈಠಕ್‌ನಲ್ಲಿ ಕೂತ ಪರಪುರುಷನಿಗೆ ಒಲೆಯ ಮುಂದೆ ನಿಂತ ಮನೆಯ ಹೆಣ್ಣುಮಕ್ಕಳು ಕಾಣಬೇಕೆ?" ಕತೆ ಬರೆಯುವವರು, ನಾಲ್ಕು ಜನರೆದುರು ಪ್ರಗತಿಪರರೆನಿಸಿಕೊಂಡವರು ನಾವು, ಸಹಜವಾಗಿಯೇ ಎಂಜಿನಿಯರರ ಪಕ್ಷ ಹಿಡಿದೆವು. ವಾದ ಎರಡು ಗಂಟೆ ನಡೆಯಿತು. ಆ ಹೊತ್ತಿನಲ್ಲಿ ಪರದೆಯ ಆಚೆಯಿಂದ ಮೂರು ಸಲ ಚಹಾ ಬಂತು. ಚಹಾ ಮಾಡಿದವರಿಗೆ ಎಂಥ ಅಡುಗೆಮನೆ ಬೇಕೆಂದು ನಮ್ಮ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಆಗ್ನೇಯ ದಿಕ್ಕು ಯಾವುದೆಂದು ಮಾತ್ರ ತಪ್ಪದೆ ಕೇಳಿದೆವು. ಮುಂದೆ ಮನೆ ಮಾರುವಾಗ ಬೆಲೆ ಬರಬೇಕಲ್ಲ!

ಅಡುಗೆಮನೆಯ ಗೋಡೆಯ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯೆಲ್ಲ ಇಂಥದ್ದೇ. ಗೋಡೆ ಬೇಕೆನ್ನುವವರೂ ನಾವೇ, ಬೇಡವೆನ್ನುವವರೂ ನಾವೇ. ಆ ಗೋಡೆಯೊಳಗೆ ಬೆವರುವವರು ಮಾತ್ರ ಬೇರೆ.

ನಾವು ಬೆಳೆದ ಮನೆಯಲ್ಲಿ ಬಾವರ್ಚಿಖಾನೆ ಹಿತ್ತಲಿನ ಕೊನೆಯಲ್ಲಿತ್ತು. ಹೊಗೆ ಹೋಗಲು ಎರಡು ಹೆಂಚು ಸರಿಸಿದ ಕಿಂಡಿ ಬಿಟ್ಟರೆ ಕಿಟಕಿಯಿರಲಿಲ್ಲ. ಮುಂದಿನ ಕೋಣೆಯಲ್ಲಿ ದಸ್ತರ್‌ಖಾನ್ ಹಾಸಿ ಎಲ್ಲರೂ ನಗುನಗುತ್ತಾ ಉಣ್ಣುವಾಗ ಅಮ್ಮಿ ಒಳಗೆ ರೊಟ್ಟಿ ಬೇಯಿಸುತ್ತಿದ್ದರು. ನಾವು ಕೈತೊಳೆದು ಎದ್ದ ಮೇಲೆ ಅವರ ಊಟ. ಅವರ ಕೆಮ್ಮು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕಾಣದ್ದರಿಂದ ನಮಗೆ ಅದೊಂದು ಕೆಲಸವೆಂದು ಅನಿಸಲೂ ಇಲ್ಲ. ಆ ಗೋಡೆ ಅಮ್ಮಿಯನ್ನು ಪರರ ಕಣ್ಣಿನಿಂದ ಕಾಪಾಡಿತೋ ಇಲ್ಲವೋ, ನಮ್ಮನ್ನಂತೂ ಕೆಲಸದಿಂದ ಚೆನ್ನಾಗಿ ಕಾಪಾಡಿತು.

ಹಾಗಾದರೆ ಗೋಡೆ ಒಡೆದರೆ ಎಲ್ಲವೂ ಸರಿಹೋಗುತ್ತದೆಯೇ? ತೆರೆದ ಅಡುಗೆಮನೆ ಎಲ್ಲಿಂದ ಬಂತೆಂದು ನೋಡೋಣ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕ ಬಡಾವಣೆಗಳಿಗಾಗಿ ಮಾರ್ಗರೆಟೆ ಶ್ಯೂಟ್ಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಹೆಂಗಸಿನ ಹೆಜ್ಜೆ ಹೆಜ್ಜೆಯನ್ನೂ ಲೆಕ್ಕ ಹಾಕಿ, ಸಮಯ ಉಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಅಂಥವು ಸುಮಾರು 10,000 ತಯಾರಾದವು. ಆದರೆ ಇನ್ನೊಬ್ಬರು ಬಂದು ಕೈಜೋಡಿಸಲು ಅಲ್ಲಿ ಜಾಗವೇ ಇರಲಿಲ್ಲ. ಹೆಜ್ಜೆ ಉಳಿಯಿತು, ಒಂಟಿತನವೂ ಉಳಿಯಿತು. ಅತ್ತ ಅಮೆರಿಕಾದಲ್ಲಿ ಫ್ರಾಂಕ್ ಲಾಯ್ಡ್ ರೈಟ್ 1937ರ ಹೊತ್ತಿಗೆ ಮ್ಯಾಡಿಸನ್ ನಗರದಲ್ಲಿ ಕಟ್ಟಿದ ಜೇಕಬ್ಸ್ ಮನೆಯಲ್ಲಿ ಅಡುಗೆಯ ಜಾಗವನ್ನು ಊಟದ, ಕೂರುವ ಜಾಗಕ್ಕೆ ತೆರೆದಿಟ್ಟರು. ಅದು ಆಳುಕಾಳುಗಳಿಲ್ಲದ ಸಾಧಾರಣ ಸಂಸಾರದ ಮನೆ. ಅಡುಗೆ ಮಾಡುವವಳೇ ಮನೆಯೊಡತಿ. ಅವಳು ಮನೆಯವರಿಂದ ದೂರ ಉಳಿಯಬಾರದೆಂಬ ವಿಚಾರ ಆ ನಕಾಶೆಯಲ್ಲಿತ್ತು.

ನಾವು ನಕಾಶೆಯನ್ನು ತಂದೆವು, ವಿಚಾರವನ್ನು ಅಲ್ಲೇ ಬಿಟ್ಟೆವು. ಕರಾವಳಿಯ ಕಡೆ ಗಲ್ಫಿನ ದುಡ್ಡಿನಿಂದ ಎದ್ದ ಮನೆಗಳಿಗೆ ಹೋಗಿ ನೋಡಿ. ಹಾಲಿಗೆ ಅಂಟಿಕೊಂಡಂತೆ ಗ್ರಾನೈಟಿನ ಕಟ್ಟೆ, ಎತ್ತರದ ಸ್ಟೂಲು, ಮಿರಿಮಿರಿ ಮಿಂಚುವ ಕಪಾಟು. ಅಲ್ಲಿ ಮೀನು ಹುರಿಯುವುದಿಲ್ಲ, ಮಸಾಲೆ ಅರೆಯುವುದಿಲ್ಲ. ಅದಕ್ಕೆಲ್ಲ ಹಿಂದೆ ಶೀಟು ಹೊದಿಸಿದ 'ವರ್ಕ್ ಏರಿಯಾ' ಇದೆ. ವಯಸ್ಸಾದ ಅತ್ತೆ, ಮನೆಗೆಲಸದ ಹೆಂಗಸು, ಆಗಾಗ ಸೊಸೆ ಅಲ್ಲಿ ಬೇಯುತ್ತಾರೆ. ಎಂದರೆ ಗೋಡೆ ಬಿದ್ದಿಲ್ಲ, ಹತ್ತು ಅಡಿ ಹಿಂದಕ್ಕೆ ಸರಿದಿದೆ ಅಷ್ಟೆ. ಎರಡನೆಯ ಅಡುಗೆಮನೆಗೆ ಜಾಗವಿಲ್ಲದ ನಗರದ ಫ್ಲಾಟುಗಳಲ್ಲಿ ಸ್ಥಿತಿ ಇನ್ನೂ ಕಷ್ಟ. ಅತಿಥಿಗಳ ಕಣ್ಣೆದುರೇ ಪಾತ್ರೆಗಳ ರಾಶಿ. ಅಡುಗೆಯ ಜೊತೆಗೆ ಅಡುಗೆಮನೆಯನ್ನು ಸದಾ ಸಿಂಗರಿಸಿಡುವ ಹೊಸ ಕೆಲಸವೊಂದು ಅವಳ ತಲೆಗೆ. ಬಿಲ್ಡರನಿಗೇನು? ಗೋಡೆಯ ಖರ್ಚು ಉಳಿಯಿತು, ಫ್ಲಾಟು ದೊಡ್ಡದಾಗಿ ಕಂಡಿತು.

ಭಾರತ ಸರಕಾರದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ಹೇಳಿದ್ದು ಇದು: ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289ಕ್ಕೆ ಇಳಿಯಿತು. ಸಂತೋಷ! ಆದರೆ ಗಂಡಸರದ್ದೂ 88ಕ್ಕೆ ಇಳಿಯಿತು. ಐದು ವರ್ಷಗಳಲ್ಲಿ ಅದೆಷ್ಟು ಗೋಡೆಗಳು ಬಿದ್ದವೋ, ಒಳಗೆ ಹೋದ ಗಂಡಸರ ಕೈಗಳು ಹೆಚ್ಚಿದಂತೆ ಈ ಲೆಕ್ಕದಲ್ಲಿ ಕಾಣುವುದಿಲ್ಲ.

ಪರದೆಯ ಹೆಸರಿನಲ್ಲಿ ಗೋಡೆಯನ್ನು ಸಮರ್ಥಿಸುವ ನಮ್ಮ ಹಿರಿಯರಿಗೂ ಒಂದು ಮಾತು ಕೇಳಬೇಕು. ಪರದೆ ಇರುವುದು ಪರಪುರುಷನ ಕಣ್ಣಿಗೆ. ಗಂಡನ ಕೈಗೆ, ಮಗನ ಕೈಗೆ, ಅಣ್ಣತಮ್ಮಂದಿರ ಕೈಗೆ ಪರದೆ ಹಾಕಿದವರು ಯಾರು? ಮನೆಯಲ್ಲಿದ್ದಾಗ ಪ್ರವಾದಿಯವರು(ಸ) ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಹಜರತ್ ಆಯಿಶಾ(ರ) ತಿಳಿಸಿದ ವರದಿಯನ್ನು ಜುಮಾದ ಬಯಾನಿನಲ್ಲಿ ಕೇಳಿ ತಲೆದೂಗುತ್ತೇವೆ. ಮನೆಗೆ ಬಂದು ಕುಳಿತಲ್ಲೇ "ನೀರು ತಾ" ಎನ್ನುತ್ತೇವೆ. ಕಿಟಕಿಯಿಲ್ಲದ ಕೋಣೆ ಯಾವ ಶರೀಅತ್ತಿನ ಕಟ್ಟಳೆ?

ನಮ್ಮ ಅಡುಗೆಯ ಸ್ವಭಾವವನ್ನೂ ನೆನೆಯಬೇಕು. ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ತೆರೆದ ಹಾಲಿನಲ್ಲಿ ಸೋಫಾದ ಮೇಲಿನ ಮಗು, ಮೂಲೆಯಲ್ಲಿ ಮಲಗಿದ ಅಜ್ಜಿ ಎಲ್ಲರೂ ಕೆಮ್ಮಬೇಕು. ಕೊಳವೆ ಹೊರಕ್ಕೆ ಹೋಗದ ಚಿಮಣಿ ಜಿಡ್ಡನ್ನಷ್ಟೇ ಹಿಡಿದು ಬಿಸಿಗಾಳಿಯನ್ನು ಮತ್ತೆ ಮನೆಗೇ ಬಿಡುತ್ತದೆ. ಹಾಲಿನ ಫ್ಯಾನು ತಿರುಗಿದರೆ ಒಲೆಯ ಉರಿ ಅಲ್ಲಾಡುತ್ತದೆ. ನಿಲ್ಲಿಸಿದರೆ ಕೂತವರಿಗೆ ಸೆಕೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡುತ್ತದೆ, ತಡೆಯಲು ಗೋಡೆ ಹೊಸ್ತಿಲುಗಳಿಲ್ಲದಿದ್ದರೆ ಹಾಲಿನವರೆಗೂ.

ಹಾಗಾಗಿ ಗೋಡೆ ಇರಬೇಕೋ ಬೇಡವೋ ಎಂಬುದು ಎರಡನೆಯ ಪ್ರಶ್ನೆ. ಬಾಗಿಲು ಯಾರ ಕೈಯಲ್ಲಿರಬೇಕು ಎಂಬುದೇ ಮೊದಲನೆಯದು. ನಮ್ಮ ಸಲಹೆ ಇಷ್ಟು. ಒಲೆ ಹೊರಗೋಡೆಗೆ ತಾಗಿರಲಿ, ಹತ್ತಿರ ಕಿಟಕಿ ಇರಲಿ, ಚಿಮಣಿಯ ಕೊಳವೆ ನೇರ ಹೊರಕ್ಕೆ ಹೋಗಲಿ, ನೆಲಮಟ್ಟದಲ್ಲೊಂದು ಗಾಳಿಕಿಂಡಿ ಇರಲಿ. ಊಟದ ಜಾಗಕ್ಕೂ ಅಡುಗೆಮನೆಗೂ ನಡುವೆ ಸರಿಸುವ ಬಾಗಿಲಿರಲಿ. ತೆರೆಯುವುದು, ಮುಚ್ಚುವುದು ಒಳಗಿರುವವರ ಇಷ್ಟ. ಮುಂಬಾಗಿಲಿನಿಂದ ನೇರ ನೋಟ ಒಲೆಗೆ ಬೀಳದಂತೆ ಹಾಲ್ ತಿರುಗಿರಲಿ. ಭಾಯಿಜಾನ್‌ರ ಆತಂಕಕ್ಕೆ ಅಷ್ಟು ಸಾಕು. ಕಟ್ಟೆಯ ಎತ್ತರವನ್ನು ಪುಸ್ತಕದಿಂದಲ್ಲ, ಅಡುಗೆ ಮಾಡುವವರ ಮೊಣಕೈ ಅಳೆದು ನಿರ್ಧರಿಸಲಿ. ಇಬ್ಬರು ಬೆನ್ನು ತಾಗದೆ ಓಡಾಡುವಷ್ಟು ಅಗಲ ಖಂಡಿತ ಬೇಕು. ಒಬ್ಬರೇ ನಿಲ್ಲಬಲ್ಲ ಅಡುಗೆಮನೆ ಕಟ್ಟಿ "ಯಾರೂ ಸಹಾಯಕ್ಕೆ ಬರುವುದಿಲ್ಲ" ಎಂದರೆ ಅದು ಮೋಸದ ಮಾತು.

ಎಂಜಿನಿಯರರು ಎರಡನೆಯ ಸಲ ಬಂದಾಗ ನಕಾಶೆಯನ್ನು ನಮ್ಮ ಮನೆಯವರ ಮುಂದೆ ಹರಡಿದೆವು. ಅವರು ತುಂಬ ಹೊತ್ತು ನೋಡಿದರು. ಓಪನ್ ಬೇಕೋ ಗೋಡೆ ಬೇಕೋ ಎಂಬ ನಮ್ಮ ಮಹಾವಾದಕ್ಕೆ ಅವರು ಬೆಲೆಯನ್ನೇ ಕೊಡಲಿಲ್ಲ. ಹಿತ್ತಲಿನ ಕಡೆ ಒಂದು ದೊಡ್ಡ ಕಿಟಕಿ ಕೇಳಿದರು. ಆಮೇಲೆ ಪಾತ್ರೆ ತೊಳೆಯುವ ಸಿಂಕಿನ ಮೇಲೆ ಬೆರಳಿಟ್ಟು, "ಇದನ್ನು ಊಟದ ಮೇಜಿನ ಹತ್ತಿರಕ್ಕೆ ತನ್ನಿ. ಉಂಡವರು ಎದ್ದು ತಮ್ಮ ತಟ್ಟೆ ತೊಳೆದಿಡಲಿ" ಎಂದರು. ಭಾಯಿಜಾನ್ ನಮ್ಮ ಮುಖ ನೋಡಿದರು. ನಾವು ಎಂಜಿನಿಯರರ ಮುಖ ನೋಡಿದೆವು. ಎಂಜಿನಿಯರರು ಪೆನ್ಸಿಲ್ ತೆಗೆದುಕೊಂಡು ಸಿಂಕನ್ನು ಸರಿಸಿದರು.

ಮನೆ ಕಟ್ಟಲು ಹೊರಟ ಸಹೋದರರೇ, ಗೋಡೆ ಒಡೆಯಿರಿ ಅಥವಾ ಉಳಿಸಿಕೊಳ್ಳಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಪಾಯ ತೋಡುವ ಮುನ್ನ ಪರದೆಯ ಆಚೆಗೆ ಒಮ್ಮೆ ಹೋಗಿ ಕೇಳಿ ಬನ್ನಿ. ಬರುವಾಗ ಖಾಲಿ ಚಹಾ ಲೋಟಗಳನ್ನೂ ತೆಗೆದುಕೊಂಡು ಹೋಗಿ.